ಒಂದು ದಿನದ ಮುಯ್ಯಿ

ಕಂಟ್ರಾಕ್ಟರ್ ಉದಯಕುಮಾರ್ ಸೈಟು ನೋಡಲು ಪೆರೇಸಂದ್ರಕ್ಕೆ ಬಂದ ಭಾನುವಾರ ಮುನಿಗಂಗಮ್ಮ ಅವರೆಕಾಳು ಸಾರು ಮಾಡಿ ಮುದ್ದೆ ಕಟ್ಟಿದ್ದಳು. ಬಂದವನಿಗೂ ಒಂದು ತಟ್ಟೆ ಇಟ್ಟಳು. ಅವನು, "ಈಗ ತಾನೆ ತಿಂಡಿ ಆಯ್ತಮ್ಮ, ಬೇಡ" ಎಂದ. ತಿಂಡಿ ಆಗಿತ್ತೋ, ಈ ಮನೆಯ ತಟ್ಟೆ ಬೇಡವಾಗಿತ್ತೋ, ಯಾರಿಗೆ ಗೊತ್ತು. ಊರಾಚೆಯ ಕಾಲೋನಿಯವರಿಗೆ ಆ ಮಾತು ಹುಟ್ಟಿದಾಗಿನಿಂದ ಕೇಳಿ ಕೇಳಿ ಸಾಕಾಗಿದೆ. ಮನೆಯ ಮಗ ಅಂಬರೀಶ ಗೋಡೆಗೆ ಒರಗಿ ನಿಂತಿದ್ದವನು ಅಲ್ಲೇ ತೀರ್ಮಾನ ಮಾಡಿದ: ಇವನು ಬೇಡ.

ಉದಯಕುಮಾರನನ್ನು ಕರೆಸಿದವಳು ತಂಗಿ ಶ್ರೀವಿದ್ಯಾ. ಬಿ.ಕಾಂ. ಮುಗಿಸಿ ಚಿಕ್ಕಬಳ್ಳಾಪುರದ ಸಿಮೆಂಟು ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಅವಳದು. ಯಾವ ಕಂಟ್ರಾಕ್ಟರು ಹೇಗೆ ಎಂಬುದು ಆ ಅಂಗಡಿಯ ಕಲ್ಲುಬೆಂಚಿಗೂ ಗೊತ್ತು. ಇದ್ದ ಶೀಟಿನ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಎರಡು ರೂಮು, ಒಂದು ಹಾಲು, ಮೇಲೆ ಕಾಂಕ್ರೀಟಿನ ಮೋಲ್ಡ್ ಹಾಕಿದ ಮನೆ ಏಳಬೇಕೆಂಬುದು ಆ ಮನೆಯವರೆಲ್ಲರ ಆಸೆ. ಅಪ್ಪ ಬಯ್ಯಪ್ಪ ಪಂಚಾಯಿತಿಯಲ್ಲಿ ವಾಟರ್‌ಮನ್ ಆಗಿ ರಿಟೈರ್ ಆದವನು. ಅಂಬರೀಶ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಬೆಳಿಗ್ಗೆ ಹೂವು, ಮಧ್ಯಾಹ್ನ ಟೊಮೆಟೊ.

ಉದಯಕುಮಾರ್ ಫೈಲು ಬಿಚ್ಚಿದ.

"ಇದು ಲೇಬರ್ ಲೈಸೆನ್ಸು. ಇದು ಆಳುಗಳ ಇನ್ಶೂರೆನ್ಸು. ಕೆಲಸ ಶುರು ಆಗೋಕೆ ಮುಂಚೆ ನಿಮ್ಮ ಸೈಟು, ಆಳುಗಳ ಹೆಸರು ಎಲ್ಲ ಇದಕ್ಕೆ ಸೇರಿಸ್ತೀನಿ. ಯಾರಿಗಾದ್ರೂ ಪೆಟ್ಟಾದ್ರೆ ನಿಮ್ಮ ತಲೆ ಮೇಲೆ ಬರಲ್ಲ, ಅವನ ಹೆಂಡ್ತಿ ಮಕ್ಳೂ ಬೀದಿಗೆ ಬೀಳಲ್ಲ. ನನ್ನ ಮಾತು ನಂಬಬೇಡಿ. ಇಲ್ಲಿ ನಂಬರ್ ಇದೆ, ಕಂಪ್ನಿಗೇ ಫೋನ್ ಮಾಡಿ ಪಾಲಿಸಿ ನಡೀತಿದೆಯಾ ಅಂತ ಕೇಳಿ."

"ಇನ್ನೂ ಪಾಯಕ್ಕೆ ಗುದ್ದಲಿ ಬಿದ್ದಿಲ್ಲ, ಪೆಟ್ಟಾಗೋ ಮಾತು ಯಾಕಪ್ಪ ಆಡ್ತೀಯ" ಎಂದ ಬಯ್ಯಪ್ಪ.

"ಆಡ್ಬೇಕು ಸಾರ್. ಇನ್ನೊಂದು ಮಾತು. ಮೋಲ್ಡ್ ಹಾಕೋ ದಿನ ಈ ಪಟ್ಟೀಲಿ ಹೆಸರಿಲ್ಲದೋರು ಮೇಲೆ ಹತ್ತಂಗಿಲ್ಲ."

ಮುನಿಗಂಗಮ್ಮನಿಗೆ ಅರ್ಥವಾಗಲಿಲ್ಲ. "ಮುಯ್ಯಾಳುಗಳು ಬರ್ತಾರಲ್ಲಪ್ಪ?"

"ಮುಯ್ಯಾಳು ಬೇಡಮ್ಮ."

"ನಾನು?" ಎಂದ ಅಂಬರೀಶ.

"ನೀವೂ ಅಷ್ಟೇ ಬ್ರದರ್."

ಮುಯ್ಯಿ ಅಂದರೆ ಕೂಲಿಯಲ್ಲ. ಇವತ್ತು ನಾನು ನಿನ್ನ ಮನೆಗೆ ಒಂದು ದಿನ ದುಡಿದರೆ, ಮುಂದೊಂದು ದಿನ ನೀನು ನನ್ನ ಮನೆಗೆ ಬಂದು ದುಡಿಯುತ್ತೀಯ. ಕಾಸು ಕೊಡಂಗಿಲ್ಲ, ಊಟ ಹಾಕಬೇಕು. ಬಯ್ಯಪ್ಪನ ಅಪ್ಪ ಗೌಡರೊಬ್ಬರ ಮನೆಯಲ್ಲಿ ಜೀತಕ್ಕಿದ್ದವನು. ಕಾಲೋನಿಯ ಅರ್ಧ ಮನೆಗಳ ಕಥೆ ಅದೇ. ಕೂಲಿಗೆ ಯಾರ ಮನೆಗಾದರೂ ಹೋಗುತ್ತಾರೆ, ಮುಯ್ಯಿಗೆ ನಮ್ಮವರ ಮನೆಗೆ ಮಾತ್ರ ಎಂಬುದು ಅವರ ಮರ್ಯಾದೆ. ಅಂಬರೀಶ ಹದಿನೇಳನೇ ವಯಸ್ಸಿನಿಂದ ಕಾಲೋನಿಯ ಒಂದು ಮೋಲ್ಡನ್ನೂ ತಪ್ಪಿಸಿದವನಲ್ಲ. ಈಗ ತನ್ನ ಮನೆಯ ಸರದಿ. ಇಪ್ಪತ್ತು ಮಂದಿ ಅವನಿಗಾಗಿ ಬರಬೇಕಾಗಿದ್ದಾಗ ಇವನ್ಯಾವನೋ ಬೇಡ ಎನ್ನುತ್ತಾನೆ.

"ನಮ್ಮನೆ ಮೇಲೆ ನಾನು ಹತ್ತೋಕೆ ನಿನ್ನ ಪಟ್ಟೀಲಿ ಹೆಸರಿರಬೇಕಾ? ನಡೀರಿ ಸಾರ್. ಫೈಲು ಮರೀಬೇಡಿ, ತಗೊಂಡು ನಡೀರಿ."

ಅಂಬರೀಶನಿಗೆ ಕಾಗದ ಕಂಡರೇ ಆಗುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಜಾತಿ ಸರ್ಟಿಫಿಕೇಟು ತರಲಿಲ್ಲವೆಂದು ಮೇಷ್ಟ್ರು ಅವನನ್ನು ಹೊರಗೆ ನಿಲ್ಲಿಸಿದ್ದರು. ಜಾತಿ ಏನೆಂದು ಇಡೀ ಊರಿಗೆ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು, ಕಾಗದಕ್ಕೆ ಮಾತ್ರ ಗೊತ್ತಿರಲಿಲ್ಲ. ಮೂರು ದಿನ ಹೊರಗೆ ನಿಂತ. ನಾಲ್ಕನೇ ದಿನ ಟೊಮೆಟೊ ಲೋಡು ಹೊರಲು ಹೋದವನು ಮತ್ತೆ ಒಳಗೆ ಹೋಗಲೇ ಇಲ್ಲ.

ಉದಯಕುಮಾರನ ಬೈಕು ತಿರುಗಿದ ಮೇಲೆ ಶ್ರೀವಿದ್ಯಾ ತಟ್ಟೆ ಎತ್ತುತ್ತಾ ಅಂದಳು, "ಅಣ್ಣ, ಅವರು ಹೇಳಿದ್ದರಲ್ಲಿ ತಪ್ಪೇನಿತ್ತು?"

"ಉಣ್ಣೋಕೆ ನಾವಾಗಲ್ಲ, ದುಡ್ಡು ಕೊಡೋಕೆ ನಾವಾಗ್ತೀವಿ. ಅದೇ ತಪ್ಪು."

"ಊಟದ ವಿಷ್ಯ ಅಲ್ಲ ನಾನು ಕೇಳಿದ್ದು."

"ನಿನ್ನ ಅಂಗಡಿ ಬಿಲ್ಲು ಅಂಗಡೀಲೇ ಇಟ್ಕೊ ಕಣೇ. ಮನೆಗೆ ತರಬೇಡ."

ಬಯ್ಯಪ್ಪ ಕೈ ತೊಳೆದುಕೊಂಡ. "ಗಾಡಿ ಓಡಿಸಿ ದುಡ್ಡು ಹಾಕ್ತಿರೋನು ಅವನು. ಅವನು ಹೇಳಿದ್ದಾಗಲಿ, ಬಿಡು."

ತೊಂಡೇಬಾವಿಯಿಂದ ಹನುಮಂತರಾಯಪ್ಪ ಮೇಸ್ತ್ರಿ ಬಂದ. ಮೂರು ಸಲ ಕರೆಸಿಕೊಂಡು ಬಂದವನಲ್ಲ, ಒಂದೇ ಫೋನಿಗೆ ಬಂದ. ಇಟ್ಟ ತಟ್ಟೆಯಲ್ಲಿ ಎರಡು ಮುದ್ದೆ ಉಂಡು ತೇಗಿದ. ಅಲ್ಲಿಗೆ ಮನೆಯವರ ಪರೀಕ್ಷೆಯಲ್ಲಿ ಅವನು ಪಾಸು.

"ಮೂವತ್ತು ವರ್ಷದಿಂದ ಕಟ್ತಾ ಇದೀನಿ. ನನ್ನ ಗೋಡೆ ಒಂದೂ ಬಿರುಕು ಬಿಟ್ಟಿಲ್ಲ."

"ಗೋಡೆ ಕೇಳ್ಲಿಲ್ಲ ತಾತ" ಎಂದಳು ಶ್ರೀವಿದ್ಯಾ. "ಆಳು ಬಿದ್ರೆ ಏನು ಅಂತ ಕೇಳಿದ್ದು. ಇನ್ಶೂರೆನ್ಸ್ ಮಾಡ್ಸಿದೀರಾ?"

ಮೇಸ್ತ್ರಿ ಮೇಲಿನ ಶೀಟಿನ ಕಡೆ ಬೆರಳು ತೋರಿಸಿದ. "ನನ್ನ ಇನ್ಶೂರೆನ್ಸು ಮೇಲಿರೋ ಸ್ವಾಮಿ ಕಣಮ್ಮ. ಕಂತು ಕೇಳಲ್ಲ, ಸೈನೂ ಕೇಳಲ್ಲ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಂಬರೀಶ.

*

ಸಂಕ್ರಾಂತಿ ಕಳೆದ ಎರಡನೇ ಭಾನುವಾರ ಮೋಲ್ಡು. ಹಿಂದಿನ ದಿನವೇ ಶಿಡ್ಲಘಟ್ಟದಿಂದ ಅಕ್ಕ ಕವಿತ, ಭಾವ ನರಸಿಂಹಮೂರ್ತಿ, ಮಗಳು ತನುಜ ಬಂದಿಳಿದರು. ನರಸಿಂಹಮೂರ್ತಿ ರೇಷ್ಮೆ ನೂಲು ಬಿಚ್ಚುವ ಯೂನಿಟ್ಟಿನಲ್ಲಿ ಕೆಲಸಕ್ಕಿದ್ದ. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನ ತೊಟ್ಟಿಯ ಮುಂದೆ ಕೂತು, ಬೆಂದ ಗೂಡಿನಿಂದ ಎಳೆ ಹಿಡಿದು ಚಕ್ರಕ್ಕೆ ಕೊಡುವ ಕೆಲಸ. ಅವನ ಬೆರಳುಗಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಮೆತ್ತಗಿನ ಮನುಷ್ಯ. ಮಾತು ಕಡಿಮೆ, ಅದರಲ್ಲೂ ಮಾವನ ಮನೆಯಲ್ಲಿ ಇನ್ನೂ ಕಡಿಮೆ.

ಆ ಸೀಮೆಯಲ್ಲಿ ಮೊದಲ ಬಾಂಡ್ಲಿ ಕಾಂಕ್ರೀಟು ಮನೆ ಅಳಿಯನ ಕೈಯಿಂದಲೇ ಬೀಳಬೇಕು. ಕವಿತ ಬಾಂಡ್ಲಿಗೆ ಅರಿಸಿನ ಕುಂಕುಮ ಹಚ್ಚಿದಳು, ಮುನಿಗಂಗಮ್ಮ ಕಾಯಿ ಒಡೆದಳು. ನರಸಿಂಹಮೂರ್ತಿ ಹಲಗೆಯ ಮೇಲೆ ಹುಷಾರಾಗಿ ಹೆಜ್ಜೆಯಿಟ್ಟು ಹತ್ತಿ, ಈಶಾನ್ಯ ಮೂಲೆಗೆ ಸುರಿದ. ಶಾಸ್ತ್ರ ಮುಗಿದಿತ್ತು. ಅವನು ಇಳಿಯಬೇಕು, ಮಿಕ್ಕವರು ಹತ್ತಬೇಕು. ಇಳಿಯಲು ಅವನು ತಿರುಗಿದ್ದ ಕೂಡ.

"ಏನ್ ಭಾವ, ಒಂದೇ ಬಾಂಡ್ಲಿಗೆ ಸುಸ್ತಾ?" ಎಂದು ಕೆಳಗಿನಿಂದ ಕೂಗಿದ ಅಂಬರೀಶ. "ರೇಷ್ಮೆ ಕೈ ಅಂತ ಸುಮ್ನೆ ಹೇಳ್ತಾರಾ."

ಮುಯ್ಯಾಳುಗಳು ನಕ್ಕರು. ಮೂರನೇ ಮನೆಯ ಆಂಜಿನಮ್ಮ, "ಬಿಡೋ, ಸೀರೆ ನೂಲೋನ್ನ ಜಲ್ಲಿ ಹೊರು ಅಂತೀಯ" ಎಂದು ಇನ್ನಷ್ಟು ನಗಿಸಿದಳು. ನರಸಿಂಹಮೂರ್ತಿಯೂ ನಕ್ಕ. ಪಂಚೆ ಮೇಲೆತ್ತಿ ಕಟ್ಟಿದ.

"ಸಾಯಂಕಾಲದವರೆಗೂ ಇರ್ತೀನಿ ನಡಿಯಪ್ಪ."

ಹಲಗೆ ತಾರಸಿಗೆ ಮುಟ್ಟುವ ಜಾಗದಲ್ಲಿ ನಿಂತ. ಕೆಳಗಿನಿಂದ ಕೈಯಿಂದ ಕೈಗೆ ಬರುವ ಬಾಂಡ್ಲಿಗಳನ್ನೆಲ್ಲ ಅಲ್ಲಿ ನಿಂತವನೇ ಹಿಡಿಯಬೇಕು. ಹಿಡಿದ, ಹನ್ನೊಂದು ಗಂಟೆಯವರೆಗೂ ಹಿಡಿದ. ಆಮೇಲೆ ಹಲಗೆ ಕಟ್ಟಿದ್ದ ಹಗ್ಗ ಜಾರಿತು. ಬಾಂಡ್ಲಿ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಮನುಷ್ಯ ಬಿದ್ದ ಸದ್ದು ಯಾರಿಗೂ ಕೇಳಿಸಲಿಲ್ಲ.

ಜಲ್ಲಿ ರಾಶಿಯ ಮೇಲೆ ಬೆನ್ನು ಕೊಟ್ಟು ಬಿದ್ದಿದ್ದ. ರಕ್ತ ಇರಲಿಲ್ಲ. ಅದನ್ನು ನೋಡಿ ಅಂಬರೀಶನಿಗೆ ಮೊದಲು ಧೈರ್ಯವೇ ಬಂತು. ಎತ್ತಲು ಬಗ್ಗಿದ.

"ಅಂಬರೀಶ" ಎಂದ ನರಸಿಂಹಮೂರ್ತಿ, ಸಮಾಧಾನದ ದನಿಯಲ್ಲೇ. "ನನ್ ಕಾಲು ಎಲ್ಲೈತೆ?"

ಆಂಬುಲೆನ್ಸು ಬಂತು. ಕವಿತ ಹತ್ತಿದಳು, ಬಯ್ಯಪ್ಪ ಹತ್ತಿದ, ಶ್ರೀವಿದ್ಯಾ ಪರ್ಸು ಹಿಡಿದು ಓಡಿ ಹತ್ತಿದಳು. ಅಂಬರೀಶನ ಒಂದು ಕಾಲು ಮೆಟ್ಟಿಲ ಮೇಲಿತ್ತು. ಹಿಂದಿನಿಂದ ಮೇಸ್ತ್ರಿ ಮೆಲ್ಲಗೆ ಅಂದ, "ಕಲಸಿರೋ ಮಾಲು ಗಟ್ಟಿ ಆಗ್ತೈತೆ ಕಣಪ್ಪ. ಅರ್ಧಕ್ಕೆ ನಿಲ್ಸಿದ್ರೆ ಜಾಯಿಂಟು ಸೋರ್ತದೆ, ಜನ್ಮದಲ್ಲಿ ಸರಿ ಹೋಗಲ್ಲ. ಏನ್ ಮಾಡಣ ಹೇಳ್ಬಿಟ್ಟು ಹೋಗು."

ಅಂಬರೀಶ ತಾರಸಿ ನೋಡಿದ. ಅರ್ಧ ಹಸಿ, ಅರ್ಧ ಬರೀ ಕಂಬಿ. ಎಂಟು ವರ್ಷ ಗಾಡಿ ಓಡಿಸಿ ದುಡಿದದ್ದು ಅಲ್ಲಿ ಮಲಗಿತ್ತು.

"ಮುಗಿಸಿ" ಎಂದ. ಕಾಲು ಕೆಳಗಿಟ್ಟ. ಆಂಬುಲೆನ್ಸಿನ ಬಾಗಿಲು ಮುಚ್ಚಿತು.

ಹಗ್ಗ ತಾನೇ ಬಿಗಿದು ಕಟ್ಟಿ, ಭಾವ ನಿಂತಿದ್ದ ಜಾಗದಲ್ಲಿ ತಾನೇ ನಿಂತು, ಸಾಯಂಕಾಲದವರೆಗೂ ಬಾಂಡ್ಲಿ ಹಿಡಿದ. ಆಮೇಲೆ ಮಟನ್ ಸಾರು, ಮುದ್ದೆ. ಯಾರಿಗೂ ಉಣ್ಣುವ ಮನಸ್ಸಿರಲಿಲ್ಲ. ಆಂಜಿನಮ್ಮನೇ ಅಂದಳು, "ಮುಯ್ಯಾಳು ಉಣ್ಣದೆ ಹೋಗಬಾರದು, ಮನೆಗೆ ಒಳ್ಳೇದಲ್ಲ." ಅದಕ್ಕೇ ಎಲ್ಲರೂ ಕೂತು, ತಲೆ ಬಗ್ಗಿಸಿ, ಉಂಡು ಹೋದರು.

*

ಹೊಸ ತಾರಸಿಗೆ ದಿನಾ ನೀರು ಕಟ್ಟಬೇಕು. ಮಣ್ಣಲ್ಲಿ ಪುಟ್ಟ ಪುಟ್ಟ ಪಾತಿ ಮಾಡಿ ನೀರು ನಿಲ್ಲಿಸಬೇಕು, ಇಲ್ಲದಿದ್ದರೆ ಬಿರಿಯುತ್ತದೆ. ಮೂರು ವಾರ ಅಂಬರೀಶ ಒಬ್ಬನೇ ಪೈಪು ಹಿಡಿದು ಅಲ್ಲಿ ನಿಂತ. ಮೇಲಿನಿಂದ ಇಡೀ ಕಾಲೋನಿ ಕಾಣುತ್ತಿತ್ತು. ಕಾಲೋನಿಯವರಿಗೂ ಅವನು ಕಾಣುತ್ತಿದ್ದ. ಮೊದಲಾಗಿದ್ದರೆ, "ಏನೋ ಅಂಬರೀಶ, ಮಹಡಿ ಮೇಲೆ ಭತ್ತ ನಾಟಿ ಮಾಡ್ತೀಯಾ" ಎಂದು ಯಾರಾದರೂ ಕೂಗುತ್ತಿದ್ದರು. ಈಗ ತಲೆಯೆತ್ತಿ ನೋಡಿ, ಹಾಗೇ ಹೋಗುತ್ತಿದ್ದರು.

ಮೇಸ್ತ್ರಿ ಒಂದು ಡಜನ್ ಬಾಳೆಹಣ್ಣು ಹಿಡಿದು ಆಸ್ಪತ್ರೆಗೆ ಹೋಗಿಬಂದ. ಆಮೇಲೆ ಅವನ ಫೋನು ಸ್ವಿಚಾಫ್. ಅವನನ್ನು ಬೈಯುವುದು ಸುಲಭ. ಮುನಿಗಂಗಮ್ಮ ಬೈದಳು ಕೂಡ, ಅವನ ಏಳು ತಲೆಮಾರನ್ನು ಕರೆದು. ಆದರೆ ಬೆನ್ನುಮೂಳೆ ಮುರಿದವನ ಮನೆಗೆ ಕೊಡಲು ಅವನ ಹತ್ತಿರ ಇದ್ದದ್ದೂ ಅಷ್ಟೇ, ಒಂದು ಡಜನ್ ಬಾಳೆಹಣ್ಣು.

ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಅಂಬರೀಶ ಮುದ್ದೆ ಸಾರಿನ ಡಬ್ಬಿ ತೆಗೆದುಕೊಂಡು ಹೋದ. ಕವಿತ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದಳು. ಡಬ್ಬಿ ಇಸ್ಕೊಂಡಳು.

"ಮೋಲ್ಡು ಪೂರ್ತಿ ಆಯ್ತಾ?"

"ಆಯ್ತಕ್ಕ."

"ಸೋರಲ್ಲ ತಾನೆ?"

ಮುಂದಿನ ಸಲ ಅವನು ಡಬ್ಬಿ ಚಾಚಿದಾಗ ಅವಳು, "ಅಮ್ಮನ ಕೈಲಿ ಕಳ್ಸು" ಎಂದಳು. ಅಲ್ಲಿಂದ ಅವಳು ಅವನ ಜೊತೆ ನೇರ ಮಾತಾಡುವುದೇ ನಿಂತಿತು.

ಶ್ರೀವಿದ್ಯಾ ರಜೆ ಹಾಕಿ ಹಾಕಿ, ಪರಿಹಾರ ಕೇಳಿಕೊಂಡು ಆಫೀಸುಗಳಿಗೆ ತಿರುಗಿದಳು. ಒಂದು ಸಾಯಂಕಾಲ ಚಪ್ಪಲಿ ಬಿಡುವ ಮುಂಚೆಯೇ ಹೇಳಿದಳು, "ಅವತ್ತು ಕೂಲಿ ಎಷ್ಟು ಕೊಟ್ರಿ ಅಂತ ಕೇಳಿದ್ರು. ಕೂಲಿ ಅಲ್ಲ ಸಾರ್, ಮುಯ್ಯಿ ಅಂದೆ. ಮುಯ್ಯಿಗೆ ಇದ್ರಲ್ಲಿ ಕಾಲಂ ಇಲ್ಲಮ್ಮ ಅಂದ್ರು."

"ಕೂಲಿ ಕೊಟ್ವಿ ಅಂತಾನೇ ಬರ್ಸಿಬಿಡು, ಹೋಗ್ಲಿ" ಎಂದಳು ಮುನಿಗಂಗಮ್ಮ.

"ಬರ್ಸಿದ್ರೆ ಪರಿಹಾರ ಕೊಡೋದು ಯಾರಮ್ಮ? ಮೇಸ್ತ್ರಿ ಪಾಲಿಸಿ ಮಾಡ್ಸಿಲ್ಲ. ನಮ್ಮ ತಲೆ ಮೇಲೇ ಬರ್ತದೆ. ನಮ್ಮ ಹತ್ರ ಏನಿದೆ? ಒಂದು ಗಾಡಿ, ಅರ್ಧ ಮನೆ."

"ಅರ್ಧ ಮನೇನೇ ಕೊಡಣ" ಎಂದ ಬಯ್ಯಪ್ಪ.

"ಯಾರು ಕೊಂಡ್ಕೊಳ್ತಾರೆ ಅಪ್ಪ, ಕಾಲೋನಿ ಒಳಗಿರೋ ಮನೆ?"

ಬಯ್ಯಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ. ಮುನಿಗಂಗಮ್ಮ, "ಉಣ್ಣೋ ಅನ್ನದ ಮೇಲೆ ಯಾಕೆ ಸಿಟ್ಟು ತೋರಿಸ್ತೀಯ" ಎಂದಳು. "ನಿನ್ನ ಮಗನಿಗೆ ಹೇಳು, ನನಗಲ್ಲ" ಎಂದ ಅವನು. "ನನಗೊಬ್ಬಳಿಗೇ ಮಗನಾ?" ಎಂದಳು ಅವಳು. ಮಗ ಅಲ್ಲೇ, ಎರಡು ಅಡಿ ದೂರದಲ್ಲಿ ಕೂತು, ಮುದ್ದೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟಿದ್ದ. ಶ್ರೀವಿದ್ಯಾ 'ನಾನು ಹೇಳಿದ್ದೆ' ಎಂದು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಅವನು ಜಗಳ ಆಡಿಯಾದರೂ ಹಗುರಾಗುತ್ತಿದ್ದ.

*

ಕೊನೆಗೆ ಅವನು ಯಾರಿಗೂ ಹೇಳದೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಉದಯಕುಮಾರನ ಆಫೀಸು ಹುಡುಕಿದ. ಮಧ್ಯಾಹ್ನದ ಹೊತ್ತು. ಉದಯಕುಮಾರ್ ಮನೆಯಿಂದ ತಂದ ಡಬ್ಬಿ ಬಿಚ್ಚುತ್ತಿದ್ದ. ಗುರುತು ಹಿಡಿದ.

"ಕೇಳ್ದೆ ಬ್ರದರ್. ಶ್ರೀವಿದ್ಯಾ ಹೇಳಿದ್ರು. ಕೂತ್ಕೊಳ್ಳಿ."

ಅಂಬರೀಶ ನಿಂತೇ ಹೇಳಿದ. ಬರುವಾಗ ಗಾಡಿಯಲ್ಲಿ ಹತ್ತು ಸಲ ಬಾಯಿಪಾಠ ಮಾಡಿದ್ದ. "ನಿಮ್ಮ ಪಟ್ಟೀಲಿ ನಮ್ಮ ಭಾವನ ಹೆಸರು ಸೇರಿಸ್ಬೇಕು. ಜನವರಿ ತಾರೀಖು ಹಾಕಿ. ನಿಮ್ಮ ಹತ್ರಾನೇ ಕೆಲಸಕ್ಕಿದ್ದ ಅಂತ. ನಾನು ಜೀವನ ಪೂರ್ತಿ ನಿಮ್ಮ ಗಾಡಿ ಓಡಿಸ್ತೀನಿ, ಪುಕ್ಕಟೆ."

ಉದಯಕುಮಾರ್ ಡಬ್ಬಿಯ ಮುಚ್ಚಳಕ್ಕೆ ಅರ್ಧ ಚಿತ್ರಾನ್ನ ಹಾಕಿ ಅವನ ಮುಂದೆ ತಳ್ಳಿದ.

"ಹಳೇ ತಾರೀಖು ಹಾಕಿ ಸಿಕ್ಕಾಕೊಂಡ್ರೆ ಹೋಗೋದು ನಾನೊಬ್ಬನೇ ಅಲ್ಲ. ಆ ಪಟ್ಟೀಲಿರೋ ಮೂವತ್ತು ಜನದ್ದೂ ಹೋಗ್ತದೆ. ಹೋದ್ ವರ್ಷ ಗೌರಿಬಿದನೂರು ಸೈಟಲ್ಲಿ ನಮ್ಮ ಹುಡುಗನೊಬ್ಬ ಬಿದ್ದ. ಆಸ್ಪತ್ರೆ ಖರ್ಚು, ಮಲಗಿದ್ದಷ್ಟು ತಿಂಗಳು ಮನೆ ಖರ್ಚು, ಎಲ್ಲ ಪಾಲಿಸಿಯಿಂದಾನೇ ಬಂತು. ಈಗ ಕೋಲು ಹಿಡ್ಕೊಂಡು ನಡೀತಾನೆ. ಅಂಥೋರ ಅನ್ನಕ್ಕೆ ನಾನು ಕೈ ಹಾಕಲ್ಲ. ಬಿದ್ದ ಮೇಲೆ ಬರೆಯೋದಲ್ಲ ಇದು ಬ್ರದರ್. ಬೀಳೋಕೆ ಮುಂಚೆ ಬರೆಯೋದು."

ಅಂಬರೀಶ ಮುಚ್ಚಳವನ್ನೇ ನೋಡುತ್ತಾ ಕೂತ.

"ಅವತ್ತು ನಮ್ಮನೇಲಿ ಯಾಕೆ ಉಣ್ಲಿಲ್ಲ?"

ಉದಯಕುಮಾರನಿಗೆ ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಅದಾ? ತಿಂಡಿ ಆಗಿತ್ತಲ್ಲ. ಬರ್ತಾ ಪೆರೇಸಂದ್ರ ಗೇಟ್ ಹತ್ರದ ಹೋಟ್ಲಲ್ಲಿ ಆರು ಇಡ್ಲಿ ತಿಂದಿದ್ದೆ."

ಆರು ಇಡ್ಲಿ. ಅಂಬರೀಶ ಗಾಡಿಗೆ ಬಂದು ಸ್ಟೇರಿಂಗ್ ಹಿಡಿದು ಕೂತ. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬೇಕಿತ್ತು. ಮೇಷ್ಟ್ರ ಮೇಲೆ, ಮೇಸ್ತ್ರಿಯ ಮೇಲೆ, ಕಾಲಂ ಇಲ್ಲ ಎಂದವನ ಮೇಲೆ. ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ನೋಡಿದ. ಸಿಟ್ಟು ಯಾರ ಮೇಲೂ ನಿಲ್ಲಲಿಲ್ಲ. 'ಒಂದೇ ಬಾಂಡ್ಲಿಗೆ ಸುಸ್ತಾ' ಎಂದವನೊಬ್ಬನೇ ಉಳಿದ.

*

ನರಸಿಂಹಮೂರ್ತಿಯನ್ನು ಶಿಡ್ಲಘಟ್ಟದ ಬಾಡಿಗೆ ಮನೆಗೆ ಕರೆತಂದರು. ಸೊಂಟದಿಂದ ಕೆಳಗೆ ಸ್ವಾಧೀನವೇ ಇರಲಿಲ್ಲ. ಬಾಗಿಲ ಪಕ್ಕ ಮಂಚ ಹಾಕಿದರು. ಯೂನಿಟ್ಟಿನ ಯಜಮಾನ ಸಾಬರು ಒಳ್ಳೆಯವರೇ. ಒಂದು ತಿಂಗಳು ಅವನ ತೊಟ್ಟಿಗೆ ಬೇರೆಯವರನ್ನು ಕೂರಿಸಿರಲಿಲ್ಲ. ಆದರೆ ನೀರು ಕಾಯುತ್ತಿತ್ತು, ಗೂಡು ಬರುತ್ತಿತ್ತು. ಈ ವಾರ ಯಾರೂ ಬರದಿದ್ದರೆ ಜಾಗ ಇನ್ನೊಬ್ಬರಿಗೆ ಎಂದು ಹೇಳಿ ಕಳಿಸಿದರು. ಆ ತೊಟ್ಟಿ ಹೋದರೆ ಕವಿತಳ ಒಲೆಯೂ ಹೋಗುತ್ತಿತ್ತು.

ಅಂಬರೀಶ ಹೋಗಿ ಕೂತ. ಬೆಳಗಿನ ಜಾವ ಹೂವಿನ ಟ್ರಿಪ್ ಮುಗಿಸಿ, ಎಂಟಕ್ಕೆಲ್ಲ ಶಿಡ್ಲಘಟ್ಟ. ಮೊದಲ ವಾರ ಎಳೆ ಕೈಗೇ ಸಿಗಲಿಲ್ಲ. ಸಿಕ್ಕರೆ ಹರಿಯಿತು. ಬಿಸಿನೀರು ಬೆರಳಿನ ಚರ್ಮ ಸುಲಿಯಿತು. ಬೆಂದ ಹುಳದ ವಾಸನೆ ಬಟ್ಟೆಗೆ, ಗಾಡಿಗೆ, ಅವನು ಸಾಗಿಸುವ ಮಲ್ಲಿಗೆಗೆ ಕೂಡ ಹತ್ತಿತು. ಪಕ್ಕದ ತೊಟ್ಟಿಯ ಹೆಂಗಸರು, "ಡ್ರೈವರಣ್ಣ, ಅದು ಗೇರಲ್ಲ, ನೂಲು" ಎಂದು ನಗುತ್ತಿದ್ದರು.

ಮಂಚದ ಮೇಲಿನಿಂದ ನರಸಿಂಹಮೂರ್ತಿ ಹೇಳಿಕೊಟ್ಟ. "ನೀರು ಕುದೀಬಾರ್ದು. ಎಳೆ ಹುಡುಕಬೇಡ. ಬೆರಳು ಆಡಿಸ್ತಾ ಇರು, ಅದೇ ಬರ್ತದೆ."

ಸಂಜೆ ಕೂಲಿ ತಂದು ತನುಜಳ ಕೈಗೆ ಕೊಡುತ್ತಿದ್ದ. ತನುಜ ಅಮ್ಮನಿಗೆ ಕೊಡುತ್ತಿದ್ದಳು. ಕವಿತ ಹೊರಗಿನ ಜಗಲಿಯಲ್ಲಿ ಒಂದು ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದಳು. ಯುಗಾದಿಯ ದಿನವೂ ಅಷ್ಟೇ. ಹೋಳಿಗೆ ಇತ್ತು, ಮೇಲೆ ತುಪ್ಪವೂ ಇತ್ತು. ಬೇವು ಬೆಲ್ಲ ಕೊಡಲು ಮಾತ್ರ ಅಕ್ಕ ಹೊರಗೆ ಬರಲಿಲ್ಲ. ಅವನು ಉಂಡು, ತಟ್ಟೆ ತೊಳೆದು ಗೋಡೆಗೆ ಒರಗಿಸಿ, ಹೊರಟುಹೋದ. ಅವನಿಗೆ ಬೇಕಾಗಿದ್ದದ್ದು ಒಂದೇ. ಒಂದು ದಿನ ಆ ಬಾಗಿಲಿನಿಂದ 'ಒಳಗೆ ಬಾರೋ' ಎಂಬ ಮಾತು ಬರಬೇಕು. ಎಪ್ಪತ್ತು ದಿನ ಕಾದ.

ಎಪ್ಪತ್ತನೇ ಸಂಜೆ ಒಳಗೆ ಕರೆದದ್ದು ಭಾವ.

"ಕೈ ತೋರ್ಸು."

ತೋರಿಸಿದ. ಬೆಳ್ಳಗೆ, ಸುಕ್ಕಾಗಿ, ಬೆರಳ ಸಂದಿಯಲ್ಲಿ ಸೀಳಿದ್ದ ಕೈ.

"ರೇಷ್ಮೆ ಕೈ ಆಯ್ತಲ್ಲಪ್ಪ" ಎಂದ ನರಸಿಂಹಮೂರ್ತಿ. ಅಣಕವಿರಲಿಲ್ಲ, ನಗುವೂ ಇರಲಿಲ್ಲ. "ನಾಳೆಯಿಂದ ಬರಬೇಡ. ತೊಟ್ಟಿಗೆ ಕವಿತಾನೇ ಹೋಗ್ತಾಳೆ. ಸಾಬ್ರಿಗೆ ಹೇಳಾಯ್ತು. ಹಗಲೊತ್ತು ಪಕ್ಕದ್ಮನೆ ಮುನಿಶಾಮಮ್ಮ ನನ್ನ ಕಡೆ ನೋಡ್ಕೊಳ್ತಾಳೆ."

"ಭಾವ, ನಾನಿರೋವಾಗ ಅಕ್ಕ ಯಾಕೆ—"

"ನಾನು ನಿಮ್ಮನೆಗೆ ಬಂದಿದ್ದು ಒಂದು ದಿನದ ಮುಯ್ಯಿಗೆ. ನೀನು ಎಪ್ಪತ್ತು ದಿನ ಬಂದಿದೀಯ. ಮುಯ್ಯಿ ತೀರ್ತು ಕಣೋ."

"ಮಿಕ್ಕಿದ್ದು?"

"ಮಿಕ್ಕಿದ್ದು ಮುಯ್ಯಿ ಅಲ್ಲ." ಅವನು ಗೋಡೆಯ ಕಡೆ ನೋಡಿದ. "ನೀನು ಕೆಟ್ಟೋನಲ್ಲ ಅಂಬರೀಶ. ದಿನಾ ಸಾಯಂಕಾಲ ನೀನು ಆ ಬಾಗಿಲಲ್ಲಿ ನಿಂತ್ರೆ ನನಗೆ ಹಲಗೆ ಕಾಣ್ತದೆ, ಅಷ್ಟೇ. ಅವಳಿಗೆ ಆಂಬುಲೆನ್ಸಿನ ಬಾಗಿಲು ಕಾಣ್ತದೆ. ಹೋಗಪ್ಪ."

ಅಡಿಗೆ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಅವನು ಆ ಕಡೆ ತಿರುಗಿದ. ಸದ್ದು ಮತ್ತೆ ಶುರುವಾಯಿತು. ಅವನು ಹೊರಟ.

*

ಮಿಕ್ಕ ಕೆಲಸಕ್ಕೆ ಉದಯಕುಮಾರನನ್ನೇ ಕರೆಸಿದ್ದು ಬಯ್ಯಪ್ಪ. ಈ ಸಲ ಅವನು ಮುದ್ದೆ ಉಂಡ. ಪಟ್ಟಿಯಲ್ಲಿದ್ದವರು ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಮೇಲೆ ಪ್ಯಾರಾಪೆಟ್ ಗೋಡೆ ಕಟ್ಟಿದರು. ಅಂಬರೀಶ ಕೆಳಗೇ ಇದ್ದ. ಮನೆ ಪೂರ್ತಿಯಾಯಿತು. ಗೃಹಪ್ರವೇಶದ ಮಾತನ್ನು ಯಾರೂ ಎತ್ತಲಿಲ್ಲ. ಬಯ್ಯಪ್ಪ, ಮುನಿಗಂಗಮ್ಮ ಶೀಟಿನ ಮನೆಯಲ್ಲೇ ಮಲಗುತ್ತಿದ್ದರು. ಹೊಸ ಮನೆಯಲ್ಲಿ ಶ್ರೀವಿದ್ಯಾಳ ಬಟ್ಟೆ ಒಣಗುತ್ತಿತ್ತು. ಒಂದು ಹನಿಯೂ ಸೋರಲಿಲ್ಲ.

ಜೂನ್ ತಿಂಗಳಲ್ಲಿ ಆಂಜಿನಮ್ಮನ ಮನೆಯ ಮೋಲ್ಡು ಬಂತು. ಅವತ್ತು ಅವಳು ಇವರ ಮನೆಗೆ ದುಡಿದಿದ್ದಳು. ಅಂಬರೀಶನ ತಲೆಯ ಮೇಲೆ ಒಂದು ದಿನ ಇತ್ತು. ವಾರ ಮುಂಚೆಯೇ ಹೋಗಿ ಜಗಲಿಯ ಮೇಲೆ ಕೂತ.

"ಅತ್ತೆ, ಯಾರಿಗೆ ಕೊಟ್ಟಿದೀರ ಕೆಲಸ? ಆಳುಗಳ ಇನ್ಶೂರೆನ್ಸ್ ಪಾಲಿಸಿ ಕೇಳಿದ್ರಾ? ಬರೀ ಇದೆ ಅಂದ್ರೆ ಸಾಲ್ದು. ನಂಬರ್ ಇಸ್ಕೊಂಡು ಕಂಪ್ನಿಗೆ ಫೋನ್ ಮಾಡ್ಬೇಕು. ನಾನೇ ಮಾಡ್ತೀನಿ ಕೊಡಿ."

ಆಂಜಿನಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. "ನಿನ್ನ ಭಾವಂಗೆ ಗ್ರಹಚಾರ ಸರಿ ಇರ್ಲಿಲ್ಲ ಬಿಡಪ್ಪ. ಅದಕ್ಕೆ ಕಾಗದ ಏನ್ ಮಾಡ್ತದೆ."

"ಗ್ರಹಚಾರ ಅಲ್ಲ ಅತ್ತೆ. ಹಗ್ಗ."

"ಮುಯ್ಯಿಗೆ ಬರ್ತೀಯೋ ಇಲ್ವೋ ಅದು ಹೇಳು. ಮಿಕ್ಕಿದ್ದೆಲ್ಲ ನಿನಗ್ಯಾಕೆ."

ಇಂಥದೇ ಮಾತನ್ನು ಅವನೂ ತಂಗಿಗೆ ಆಡಿದ್ದ.

ಆ ದಿನ ಹೋದ. ಎಲ್ಲರಿಗಿಂತ ಮುಂಚೆ ಹೋಗಿ ಹಲಗೆಯ ಹಗ್ಗಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಕಟ್ಟಿದ. ಜಲ್ಲಿ ರಾಶಿಯನ್ನು ಒಬ್ಬನೇ ಆಚೆಗೆ ಎಳೆದು, ಆ ಜಾಗದಲ್ಲಿ ಮರಳು ಹರವಿದ. ಆಮೇಲೆ ಹಲಗೆಯ ಕೆಳಗಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಬಾಂಡ್ಲಿ ಮುಟ್ಟಲಿಲ್ಲ. ಮೇಲೂ ಹತ್ತಲಿಲ್ಲ.

"ಏನೋ ಅಂಬರೀಶ, ಬಿಟ್ರೆ ಕಂಬ ಓಡಿ ಹೋಗ್ತದಾ?"

ಮೊದಲು ನಕ್ಕರು. ಹನ್ನೊಂದು ಗಂಟೆಯ ಹೊತ್ತಿಗೆ ನಗು ನಿಂತಿತು. ಕಾಂಕ್ರೀಟು ಅವನ ತಲೆಯ ಮೇಲೆ, ಹೆಗಲ ಮೇಲೆ ತೊಟ್ಟಿಕ್ಕಿ ಒಣಗಿತು. ಮೇಲೆ ನಿಂತವನು ಕಾಲು ಬದಲಿಸಿದಾಗೆಲ್ಲ ಕಂಬದ ಮೂಲಕ ಅದು ಅವನ ಅಂಗೈಗೆ ಗೊತ್ತಾಗುತ್ತಿತ್ತು. ಕೊನೆಯವನು ಇಳಿದು ನೆಲಕ್ಕೆ ಕಾಲಿಡುವವರೆಗೂ ಬಿಡಲಿಲ್ಲ.

ಸಂಜೆ ಊಟಕ್ಕೆ ಎಲೆ ಹಾಕಿದರು. ಅವನು ಸಾಲಿನ ತುದಿಯಲ್ಲಿ ಕೂತ. ಪಕ್ಕದ ಎಲೆಗೆ ಒಬ್ಬ ಬಂದು ಕೂತ, ಅವನನ್ನು ನೋಡಿದ, ಯಾರೋ ಕರೆದ ಹಾಗೆ ಎದ್ದು ಆ ತುದಿಗೆ ಹೋದ. ಆಂಜಿನಮ್ಮ ಮುದ್ದೆ ಬಡಿಸುತ್ತಾ ಬಂದು, ಆ ಖಾಲಿ ಎಲೆಯನ್ನು ಮಡಚಿ ತೆಗೆದಳು. ಅಂಬರೀಶನ ಎಲೆಗೆ ಮುದ್ದೆ ಇಟ್ಟಳು.

ಉಣ್ಣದೆ ಹೋದರೆ ಆ ಮನೆಗೆ ಒಳ್ಳೆಯದಲ್ಲ. ಬಿಸಿ ಸಾರು ಬೆರಳ ಸಂದಿಯ ಸೀಳುಗಳಿಗೆ ಉರಿಯಿತು. ಪೂರ್ತಿ ಉಂಡೇ ಎದ್ದ.